ಅಟ್ರಾಕ್ಟಾ ಓದಿದ ಅಂಚಿನ ಬರಹ

ಅಟ್ರಾಕ್ಟಾ ರುವೇನ್ ಒಂದು ವಿದ್ಯುತ್ ಹೀಟರಿನ ಆಸೆಗೆ ಕಿಲ್‌ಡರಗ್ ಊರಿನ ಆಟಗಾರನನ್ನು ಪಕ್ಕದ ಆಹಡೂನಿನವರಿಗೆ ಮಾರಿಬಿಟ್ಟಳೆಂಬ ಮಾತು ಐರ್ಲೆಂಡಿನ ಮೇಯೋ ಸೀಮೆಯ ಆ ಭಾಗದಲ್ಲಿ ಇಂದಿಗೂ ಚಲಾವಣೆಯಲ್ಲಿದೆ. ಮಾತಿಗೆ ಸಾಕ್ಷಿಯೂ ಉಂಟು: ಚರ್ಚಿನ ಕಚೇರಿಯಲ್ಲಿ ಅವಳ ಕಾಲ ಬುಡದಲ್ಲಿ ಹೀಟರೊಂದಿದೆ, ಅದು ಉರಿಯುತ್ತದೆ, ಬೇಕಾದವರು ಹೋಗಿ ಕೈ ಕಾಯಿಸಿಕೊಂಡು ಬರಬಹುದು. ಆದರೆ ಆ ಹೀಟರು ಬಂದದ್ದು ಆಟಗಾರನ ಹೆಸರು ಊರಿನ ಕಿವಿಗೆ ಬೀಳುವ ಎರಡು ವರ್ಷ ಮೊದಲು. ಕೊಟ್ಟವರು ಬಿಷಪ್ಪರು. ಅದೂ ಬೂಷ್ಟು ಹಿಡಿಯುತ್ತಿದ್ದ ಹಳೆಯ ದಾಖಲೆ ಪುಸ್ತಕಗಳ ಆರೋಗ್ಯಕ್ಕಾಗಿ. ಕಾರ್ಯದರ್ಶಿಯ ಮಂಡಿನೋವು ಬಿಷಪ್ಪರ ಗಮನಕ್ಕೆ ಬಂದಿರಲಿಲ್ಲ. ಇನ್ನು ಮಾರಾಟದ ವಿಷಯಕ್ಕೆ ಬಂದರೆ, ಅವಳು ಮಾಡಿದ್ದು ಒಂದು ಸಾಲನ್ನು ಕೊನೆಯವರೆಗೆ ಓದಿದ್ದು, ಅಷ್ಟೇ.

ಅರವತ್ತೆಂಟರ ಅಟ್ರಾಕ್ಟಾ ಅಂಚೆಯವನೊಬ್ಬನ ವಿಧವೆ. ಮೂವತ್ತೊಂದು ವರ್ಷಗಳಿಂದ ಕಿಲ್‌ಡರಗ್ ಧರ್ಮಕೇಂದ್ರದ ಕಾರ್ಯದರ್ಶಿ. ಕನ್ಯಾಸ್ತ್ರೀಯರ ಶಾಲೆಯಲ್ಲಿ ಬೆತ್ತದ ಭಯಕ್ಕೆ ಕಲಿತ ಲ್ಯಾಟಿನ್ ಅವಳಿಗೆ ಅನ್ನ ಕೊಟ್ಟಿತು. ಸತ್ತವರ ಪೂಜೆಯ ಪಟ್ಟಿ, ಮದುವೆಯ ಕಾಗದ, ಇವುಗಳ ಜೊತೆಗೆ ಕಡಲಾಚೆಯಿಂದ ಪೂರ್ವಜರನ್ನು ಹುಡುಕಿಕೊಂಡು ಬರುವ ಪತ್ರಗಳಿಗೆ ಉತ್ತರಿಸುವುದೂ ಅವಳ ಕೆಲಸ. ಅಮೆರಿಕದವರಿಗೆ ವಂಶದ ಬುಡದಲ್ಲಿ ಒಬ್ಬ ಅರಸನಾದರೂ ಬೇಕು. ಆಸ್ಟ್ರೇಲಿಯಾದವರು ಕುರಿ ಕದ್ದು ಗಡೀಪಾರಾದವನು ಸಿಕ್ಕರೂ ಧನ್ಯತೆಯಿಂದ ಕಣ್ಣೊರೆಸಿಕೊಳ್ಳುತ್ತಾರೆ. ಅಟ್ರಾಕ್ಟಾ ಇಬ್ಬರಿಗೂ ಪುಸ್ತಕದಲ್ಲಿ ಇದ್ದದ್ದನ್ನು ಬರೆದು ಕಳಿಸುತ್ತಾಳೆ. ಸಾಲಿನ ಕೆಳಗೆ ಉಕ್ಕಿನ ಅಳತೆಪಟ್ಟಿಯನ್ನಿಟ್ಟು ಓದಲು ತೊಡಗಿದರೆ, ಅಂಚಿನ ಟಿಪ್ಪಣಿ ಮುಗಿಯುವವರೆಗೆ ಅವಳು ಅದನ್ನು ಎತ್ತುವುದಿಲ್ಲ.

ಗುರುಗಳ ಕೊರತೆ ಬಿದ್ದಂದಿನಿಂದ ಕಿಲ್‌ಡರಗ್‌ಗೂ ಆಹಡೂನಿಗೂ ಒಬ್ಬರೇ ಗುರುಗಳು, ನೈಜೀರಿಯಾದ ಫಾದರ್ ಚಿಡೋಜಿ. ಆಹಡೂನಿನ ದಾಖಲೆ ಪುಸ್ತಕಗಳೂ ಅಟ್ರಾಕ್ಟಾಳ ಕಪಾಟಿಗೇ ಬಂದು, ತೀರ ಕೆಳಗಿನ ಹಲಗೆಯಲ್ಲಿ ಕುಳಿತಿವೆ. ಬೇಕೆಂದೇ ಕೆಳಗಿಟ್ಟಿದ್ದಾರೆಂದು ಆಹಡೂನಿನವರು ನಂಬಿದ್ದಾರೆ. ಬೇಕೆಂದೇ ಇಟ್ಟದ್ದು. ಹೊಳೆಯ ಆಚೀಚಿನ ಈ ಎರಡು ಊರುಗಳ ನಡುವೆ ಎಪ್ಪತ್ತನಾಲ್ಕರ ಸೀಮೆಯ ಫುಟ್‌ಬಾಲ್ ಫೈನಲ್ ಪಂದ್ಯವೊಂದು ಇನ್ನೂ ಮುಗಿದಿಲ್ಲ. ಆಹಡೂನಿನ ಜೊತೆ ಹಂಚಿಕೊಳ್ಳಲು ಕಿಲ್‌ಡರಗ್ ಒಪ್ಪಿದ್ದು ಮಳೆಯನ್ನು ಮತ್ತು ಫಾದರ್ ಚಿಡೋಜಿಯನ್ನು ಮಾತ್ರ, ಅದೂ ಬೇರೆ ದಾರಿ ಕಾಣದೆ.

ಹೀಗಿರುವಾಗ ಇಂಗ್ಲೆಂಡಿನಿಂದ ಒಬ್ಬ ಏಜೆಂಟನ ಪತ್ರ ಬಂದಿತು. ಅಲ್ಲಿನ ಎರಡನೆಯ ದರ್ಜೆಯ ಫುಟ್‌ಬಾಲ್ ಕ್ಲಬ್ಬೊಂದರಲ್ಲಿ ಎಡಬದಿಯ ಡಿಫೆಂಡರ್ ಆಗಿದ್ದ ಡೇಲ್ ಹ್ಯಾಚ್ಲಿ ಎಂಬ ತರುಣನಿಗೆ, ತಾನು ಹುಟ್ಟಾ ಐರಿಷ್ ಎಂಬ ಅರಿವು ಇಪ್ಪತ್ತನಾಲ್ಕನೆಯ ವಯಸ್ಸಿನಲ್ಲಿ ಮೂಡಿತ್ತು. ಇಂಗ್ಲೆಂಡ್ ತಂಡಕ್ಕೆ ಅವನ ಅಗತ್ಯ ಬಿದ್ದಿರಲಿಲ್ಲ, ಮುಂದೆ ಬೀಳುವ ಲಕ್ಷಣವೂ ಇರಲಿಲ್ಲ. ಇಂಥ ಸಮಯದಲ್ಲೇ ರಕ್ತ ಮಾತಾಡತೊಡಗುತ್ತದೆ. ಅಜ್ಜ ಅಜ್ಜಿಯರಲ್ಲಿ ಒಬ್ಬರು ಈ ದ್ವೀಪದಲ್ಲಿ ಹುಟ್ಟಿದ್ದರೂ ಸಾಕು, ಮೊಮ್ಮಗ ಐರ್ಲೆಂಡ್ ತಂಡದ ಹಸಿರು ಅಂಗಿ ತೊಡಬಹುದು. ಜನ ಇದನ್ನು ಕರೆಯುವುದು ‘ಅಜ್ಜಿ ನಿಯಮ’ ಎಂದು. ಡೇಲ್‌ನ ಅಜ್ಜಿ, ಅವನ ತಾಯಿಯ ತಾಯಿ, ನೋರಾ ಕಿಲ್‌ಕೊಯ್ನ್, ವಯಸ್ಸು ಎಪ್ಪತ್ತಾರು, ವಾಸ ಬಾರ್ನ್ಸ್ಲಿ ಪಟ್ಟಣ. ಹದಿನೇಳು ತುಂಬುವವರೆಗೆ ಕಿಲ್‌ಡರಗ್‌ನಲ್ಲಿ ಬೆಳೆದವಳು. ಐದು ವರ್ಷದ ಅಟ್ರಾಕ್ಟಾಳನ್ನು ಕೈಹಿಡಿದು ಶಾಲೆಗೆ ನಡೆಸಿಕೊಂಡು ಹೋಗುತ್ತಿದ್ದವಳು ಅವಳೇ.

ಊರು ಎದ್ದು ಕೂತಿತು. ಎಲ್ಲರಿಗಿಂತ ಮೊದಲು ಎದ್ದವನು ಮಲಕಿ ಟಾರ್ಪಿ. ಹೆಂಡದಂಗಡಿಯೂ ಅವನದೇ, ಹೆಣ ಹೂಳುವ ವ್ಯವಹಾರವೂ ಅವನದೇ, ಗೇಲಿಕ್ ಫುಟ್‌ಬಾಲ್ ಕ್ಲಬ್ಬಿನ ಅಧ್ಯಕ್ಷಗಿರಿಯೂ ಅವನದೇ; ಊರಿನವರನ್ನು ಕುಡಿಸುವುದು, ಆಡಿಸುವುದು, ಕೊನೆಗೆ ಮಣ್ಣು ಮಾಡುವುದು ಒಂದೇ ಕೈಯಲ್ಲಿತ್ತು. ಕಿಲ್‌ಡರಗ್‌ನಲ್ಲಿ ಫುಟ್‌ಬಾಲ್ ಎಂದರೆ ಕೈಕಾಲೆರಡೂ ಬಳಸುವ ತಮ್ಮ ಆಟ. ಉಳಿದ ಜಗತ್ತು ಆಡುವುದು ಇಂಗ್ಲಿಷರ ಆಟ. ಅರವತ್ತೊಂಬತ್ತರಲ್ಲಿ ನೋರಾಳ ತಮ್ಮ ಸ್ಲೈಗೋ ಪಟ್ಟಣಕ್ಕೆ ಹೋಗಿ ಆ ಆಟ ನೋಡಿ ಬಂದನೆಂದು ಅವನನ್ನು ಕ್ಲಬ್ಬಿನಿಂದ ಹೊರಹಾಕಿಸಿದವನು ಮಲಕಿಯ ಅಪ್ಪ. ಈಗ, ಆಫ್‌ಸೈಡ್ ಎಂದರೇನೆಂದು ಇಂದಿಗೂ ತಿಳಿಯದ ಮಗ, ಅಂಗಡಿಯ ನೆತ್ತಿಯ ಮೇಲೆ ‘ಡೇಲ್‌ನ ತವರು’ ಎಂದು ನಲವತ್ತಡಿಯ ಬಟ್ಟೆ ಕಟ್ಟಿಸಿದ.

ಒಂದೇ ತೊಡಕು. ನೋರಾಳ ಜನನದ ನೋಂದಣಿ ಸರ್ಕಾರಿ ಕಚೇರಿಯಲ್ಲಿ ಸಿಗಲಿಲ್ಲ. ಡಬ್ಲಿನ್ನಿನ ಫುಟ್‌ಬಾಲ್ ಸಂಸ್ಥೆಯವರು ಚರ್ಚಿನಿಂದ ಪತ್ರ ಬೇಕೆಂದರು. ಮಲಕಿ ಪತ್ರವನ್ನು ತಾನೇ ಟೈಪ್ ಮಾಡಿಸಿ ತಂದು ಅಟ್ರಾಕ್ಟಾಳ ಮೇಜಿನ ಮೇಲಿಟ್ಟ.

“ಒಂದು ಸೈನ್ ಹಾಕಮ್ಮ. ಭಾನುವಾರ ಹುಡುಗನೂ ನೋರಾನೂ ಬರ್ತಾರೆ. ಹಾಲ್‌ನಲ್ಲಿ ಕೈಗೆ ಕೊಟ್ಟು ಫೋಟೋ ತೆಗೆಸೋಣ.”

“ಏನಂತ ಬರೆದಿದೀಯ?”

“ನೋರಾ ಇಲ್ಲೇ ಹುಟ್ಟಿದ್ದು ಅಂತ. ಇನ್ನೇನು, ಚಂದ್ರಲೋಕದಲ್ಲಿ ಹುಟ್ಟಿದ್ಲಾ?”

“ಪುಸ್ತಕ ನೋಡಿ ಹೇಳ್ತೀನಿ.”

“ನೋಡೋದೇನು ಬಂತು? ಆ ಕಾಲದಲ್ಲಿ ಅರ್ಧ ಊರು ನೋಂದಣೀನೇ ಆಗಿಲ್ಲ. ಅವಳು ನಿನ್ನನ್ನ ಸ್ಕೂಲಿಗೆ ಕರ್ಕೊಂಡು ಹೋಗ್ತಿದ್ಲು ಅಂತ ನೀನೇ ನೂರು ಸಲ ಹೇಳಿದೀಯ.”

“ಸ್ಕೂಲಿಗೆ ಕರ್ಕೊಂಡು ಹೋಗಿದ್ದು ನಿಜ. ಅವಳು ಹುಟ್ಟೋವಾಗ ನಾನು ಪಕ್ಕದಲ್ಲಿ ನಿಂತಿರ್ಲಿಲ್ಲ, ಮಲಕಿ.”

ಅವನು ಹೋದ ಮೇಲೆ ಅವಳು ನಲವತ್ತೆಂಟನೆಯ ಇಸವಿಯಲ್ಲಿ ಚರ್ಚಿನ ನೀರು ಹಾಕಿಸಿಕೊಂಡ ಕೂಸುಗಳ ಪುಸ್ತಕ ತೆರೆದಳು. ಆಗಸ್ಟ್ ಇಪ್ಪತ್ತೆರಡು, ಜ್ಞಾನಸ್ನಾನ, ಹೊನೋರಾ ಕಿಲ್‌ಕೊಯ್ನ್, ಅಂದರೆ ನೋರಾ. ಅಳತೆಪಟ್ಟಿ ಅಂಚಿಗೆ ಬಂದಿತು. ಅಲ್ಲಿ ಹಳೆಯ ಗುರುಗಳ ಲ್ಯಾಟಿನ್ ಇರುವೆಸಾಲಿನಂತೆ ಹರಿದಿತ್ತು: ಜುಲೈ ಮೂವತ್ತರಂದು ಇಂಗ್ಲೆಂಡಿನ ರಾಚ್‌ಡೇಲ್‌ನಲ್ಲಿ ಜನನ. ಅದರ ಕೆಳಗೆ ಬೇರೆ ಶಾಯಿಯಲ್ಲಿ, ಎಲ್ಲಿ ಮದುವೆಯಾದರೂ ಜ್ಞಾನಸ್ನಾನವಾದ ಊರಿಗೆ ಸುದ್ದಿ ಬರಬೇಕೆಂಬ ಚರ್ಚಿನ ಪದ್ಧತಿಯಂತೆ, ಅರವತ್ತೊಂಬತ್ತರ ಟಿಪ್ಪಣಿ: ಬಾರ್ನ್ಸ್ಲಿಯಲ್ಲಿ ಮದುವೆ, ವರ ಥಾಮಸ್ ಫ್ರೀಲಿ, ಜ್ಞಾನಸ್ನಾನವಾದದ್ದು ಆಹಡೂನ್.

ಮಂಡಿಯೂರಿ ಕೆಳಗಿನ ಹಲಗೆಯಿಂದ ಆಹಡೂನಿನ ಪುಸ್ತಕ ಎಳೆದಳು. ಥಾಮಸ್ ಅಲ್ಲಿದ್ದ. ಸಾವಿರದ ಒಂಬೈನೂರ ನಲವತ್ತೈದರ ಮಾರ್ಚ್ ಎರಡರಂದು ಆಹಡೂನಿನಲ್ಲೇ ಹುಟ್ಟಿ, ಮರುದಿನವೇ ಜ್ಞಾನಸ್ನಾನ ಪಡೆದಿದ್ದ. ಊರು ಬಿಟ್ಟವರನ್ನೆಲ್ಲ ಗುರುತು ಹಾಕಿಕೊಳ್ಳುವ ಚಾಳಿಯಿದ್ದ ಅಲ್ಲಿನ ಗುರುಗಳು ಏಪ್ರಿಲ್ ನಡುವೆ ಒಂದು ಸಾಲು ಬರೆದಿದ್ದರು: ತಾಯಿಯೊಡನೆ ಇಂಗ್ಲೆಂಡಿಗೆ.

ಅವಳು ಎರಡೂ ಪುಸ್ತಕಗಳನ್ನು ಅಕ್ಕಪಕ್ಕ ತೆರೆದಿಟ್ಟು ಲೆಕ್ಕ ಹಾಕಿದಳು. ಮಲಕಿಯ ಪತ್ರಕ್ಕೆ ಸಹಿ ಹಾಕಿದರೆ ಸುಳ್ಳು. ಹಾಕದೆ ಸುಮ್ಮನಿದ್ದರೆ ಹುಡುಗನಿಗೆ ಅಂಗಿಯಿಲ್ಲ. ಅಂಚನ್ನು ಪೂರ್ತಿ ಓದಿದರೆ ಹುಡುಗನಿಗೆ ಅಂಗಿ ಸಿಗುತ್ತದೆ, ಆಹಡೂನಿಗೆ ಹುಡುಗ ಸಿಗುತ್ತಾನೆ, ಅವಳಿಗೆ ಉಳಿದ ಆಯುಷ್ಯವನ್ನು ಕಿಲ್‌ಡರಗ್‌ನಲ್ಲಿ ಕಳೆಯುವ ಕೆಲಸ ಸಿಗುತ್ತದೆ. ‘ಅಜ್ಜಿ ನಿಯಮ’ವೆಂಬ ಹೆಸರಿನ ಮಹಿಮೆಯಿಂದ, ಆ ಹುಡುಗನಿಗೆ ಒಬ್ಬ ಅಜ್ಜನೂ ಇದ್ದಿರಬಹುದೆಂದು ಏಜೆಂಟನಿಗಾಗಲಿ, ಡಬ್ಲಿನ್ನಿಗಾಗಲಿ, ಊರಿಗಾಗಲಿ ಹೊಳೆದೇ ಇರಲಿಲ್ಲ.

“ಫಾದರ್, ಇದೇನು ನ್ಯಾಯ ಹೇಳಿ,” ಎಂದು ಸಂಜೆ ಕೇಳಿದಳು. “ಹದಿನೇಳು ವರ್ಷ ಇಲ್ಲಿ ಒಲೆ ಉರಿಸೋ ಪೀಟ್ ಮಣ್ಣು ಕಡಿದು ಹೊತ್ತವಳು ಲೆಕ್ಕಕ್ಕಿಲ್ಲ. ಆರು ವಾರ ಅತ್ತು ಹೊರಟುಹೋದವನು ಲೆಕ್ಕಕ್ಕಿದಾನೆ.”

ಫಾದರ್ ಚಿಡೋಜಿ ಎರಡೂ ಅಂಚುಗಳನ್ನು ನೋಡಿದರು. “ನಾನು ಬಂದು ಹನ್ನೊಂದು ವರ್ಷ ಆಯ್ತು, ಅಟ್ರಾಕ್ಟಾ. ಇವತ್ತಿಗೂ ಅಂಗಡಿಯಲ್ಲಿ ಕೇಳ್ತಾರೆ, ಊರಿಗೆ ಯಾವಾಗ ಹೊರಟ್ರಿ ಫಾದರ್ ಅಂತ. ನೀವು ನ್ಯಾಯ ಕೇಳೋಕೆ ಒಳ್ಳೆ ಜನಾನೇ ಹುಡುಕಿದ್ರಿ.” ಪುಸ್ತಕವನ್ನು ಅವಳ ಕಡೆ ತಳ್ಳಿದರು. “ಏನು ಮಾಡಿದ್ರೂ ಮೊದಲು ನೋರಾ ಅವರಿಗೆ ತಿಳಿಸಿ. ನೂರು ಜನರ ಮುಂದೆ ಗೊತ್ತಾಗೋದು ಬೇಡ.”

ಭಾನುವಾರ ಊರಿನ ಹಾಲ್‌ನಲ್ಲಿ ಹ್ಯಾಮ್ ಸ್ಯಾಂಡ್‌ವಿಚ್‌ಗಳು ಗೋಪುರವಾಗಿದ್ದವು. ಡೇಲ್, ಒಳ್ಳೆಯ ಹುಡುಗ, ಕೊಟ್ಟ ಕೈಗಳನ್ನೆಲ್ಲ ಕುಲುಕುತ್ತ, ಹೌದು ಹೌದು, ಮಳೆ ನನಗೂ ತುಂಬ ಇಷ್ಟ ಎನ್ನುತ್ತಿದ್ದ. ನೋರಾಳನ್ನು ಅಟ್ರಾಕ್ಟಾ ಮೆಲ್ಲನೆ ಕಚೇರಿಗೆ ಕರೆತಂದು ಬಾಗಿಲು ಹಾಕಿ, ಚಹಾ ಕೊಟ್ಟು, ಪುಸ್ತಕವನ್ನು ಅವಳ ಕಡೆಗೆ ತಿರುಗಿಸಿ, ಸಾಲನ್ನು ಓದಿ ಅರ್ಥ ಹೇಳಿದಳು.

ನೋರಾ ಕನ್ನಡಕ ತೆಗೆದು ಒರೆಸಿ ಮತ್ತೆ ಹಾಕಿಕೊಂಡಳು. “ಅಮ್ಮ ನಂಗೆ ಹೇಳಿದ್ದು, ಇಲ್ಲೇ ಅಡುಗೆಮನೆ ಹಿಂದಿನ ಕೋಣೇಲಿ ಹುಟ್ಟಿದ್ದು ಅಂತ.”

“ನಿಮ್ಮಪ್ಪ ಆಗ ರಾಚ್‌ಡೇಲ್ ಗಿರಣೀಲಿದ್ರಲ್ಲ. ಇಂಗ್ಲೆಂಡಿನ ನೀರು ಹಾಕಿದ್ರೆ ಜ್ಞಾನಸ್ನಾನ ಹಿಡಿಯಲ್ಲ ಅಂತ ಹಳೇ ಕಾಲದೋರು ಮಕ್ಕಳನ್ನ ಹಡಗಲ್ಲಿ ಇಲ್ಲಿಗೇ ತರ್ತಿದ್ರು. ನಿಂಗೆ ಮೂರು ವಾರ.”

“ಹಾಗಾದ್ರೆ ಐವತ್ತೊಂಬತ್ತು ವರ್ಷ ಬಾರ್ನ್ಸ್ಲೀಲಿ ಐರಿಷ್‌ನೋಳು ಅಂತ ಬೈಸ್ಕೊಂಡಿದ್ದೆಲ್ಲ ಪುಕ್ಕಟೆ ಅನ್ನು.” ನೋರಾ ಚಹಾವನ್ನು ಕಲಕಿದಳು. “ಐರಿಷ್‌ನೋರಿಗೆ ಮನೆ ಕೊಡಲ್ಲ ಅಂತ ಮುಖದ ಮೇಲೆ ಬಾಗಿಲು ಹಾಕೋರು ಕಣೇ. ಈ ಪುಸ್ತಕ ಆಗ ತೋರಿಸಿದ್ರೆ, ಬಚ್ಚಲಿರೋ ಮನೆ ಸಿಗ್ತಿತ್ತು.”

ನೋರಾ ಕೈಚೀಲದಿಂದ ಕರವಸ್ತ್ರ ತೆಗೆದು, ಅದನ್ನು ಬಳಸದೆ ಮತ್ತೆ ಒಳಗಿಟ್ಟಳು.

“ನಿನ್ನ ಗಂಡ ಟಾಮ್ ಆಹಡೂನ್‌ನೋನು ಅಂತ ನಿಂಗೆ ಗೊತ್ತಿತ್ತಾ?” ಎಂದು ಅಟ್ರಾಕ್ಟಾ ಕೇಳಿದಳು.

“ಮದುವೆ ಹಿಂದಿನ ದಿನ ಗೊತ್ತಾಯ್ತು. ಹಾಲ್ ಗೊತ್ತು ಮಾಡಿ ಆಗಿತ್ತು, ಹ್ಯಾಮ್ ಬೆಂದಿತ್ತು. ಏನ್ ಮಾಡ್ಲಿ? ಅಮ್ಮ ಸಾಯೋವರ್ಗೂ ನಾನು ಬಾಯಿ ಬಿಡಲಿಲ್ಲ. ಅಳಿಯ ಇಂಗ್ಲಿಷ್‌ನೋನು ಅಂದ್ಕೊಂಡು ನೆಮ್ಮದಿಯಾಗಿ ಕಣ್ಣು ಮುಚ್ಚಿದ್ಲು.”

“ಟಾಮ್ ಹುಟ್ಟಿದ್ದು ಅಲ್ಲೇ ಅಂತ ಆಹಡೂನ್ ಪುಸ್ತಕದಲ್ಲಿದೆ. ಅದನ್ನ ಓದಿದ್ರೆ ಡೇಲ್ ಆಡಬಹುದು. ಆದ್ರೆ ಅವನು ಆಹಡೂನ್‌ನೋನಾಗಿ ಆಡ್ತಾನೆ.”

ನೋರಾ ಅವಳನ್ನೇ ನೋಡಿದಳು. “ನಾನು ನಾಳೆ ಹಡಗು ಹತ್ತಿ ಹೋಗೋಳು. ನಂಗೇನಾಗ್ಬೇಕು? ಈ ಜನರ ಮಧ್ಯೆ ಬದುಕ್ಬೇಕಾದೋಳು ನೀನು. ಆಗಲ್ಲ ಅಂದ್ರೆ ಪುಸ್ತಕ ಮುಚ್ಚು. ಹುಡುಗ ಈಗ ಆಡ್ತಿರೋ ಕಡೆ ಆಡ್ಕೊಂಡಿರ್ಲಿ, ನಾನೇನೂ ಅಂದ್ಕೊಳಲ್ಲ.”

ಅಟ್ರಾಕ್ಟಾ ಆಹಡೂನಿನ ಪುಸ್ತಕವನ್ನು ಹತ್ತಿರಕ್ಕೆ ಎಳೆದುಕೊಂಡಳು. ಮೇಜಿನ ಖಾನೆಯಿಂದ ಖಾಲಿ ಪ್ರಮಾಣಪತ್ರ ತೆಗೆದು, ಥಾಮಸ್ ಫ್ರೀಲಿಯ ಹೆಸರು, ಹುಟ್ಟಿದ ದಿನ, ಹುಟ್ಟಿದ ಊರು ಬರೆದು, ಸಹಿ ಹಾಕಿ, ಮುದ್ರೆ ಒತ್ತಿದಳು. ಮುದ್ರೆ ಸರಿಯಾಗಿ ಮೂಡಿತೇ ಎಂದು ಬೆಳಕಿಗೆ ಹಿಡಿದು ನೋಡಿದಳು.

ಹಾಲ್‌ನಲ್ಲಿ ಮಲಕಿ ಮೈಕು ಹಿಡಿದಿದ್ದ. ಈ ಮಣ್ಣು, ಈ ಮಣ್ಣಿನ ನೋರಾ, ನೋರಾಳ ರಕ್ತದಲ್ಲಿ ಹರಿಯುವ ಈ ಮಣ್ಣು ಎಂದು ಅವನ ಭಾಷಣ ಮೂರನೆಯ ಸುತ್ತಿಗೆ ಬಂದಿತ್ತು. ಅಟ್ರಾಕ್ಟಾ ಡೇಲ್‌ನತ್ತ ಚಾಚಿದ ಕಾಗದವನ್ನು ಅವನೇ ನಡುವೆ ಎಳೆದುಕೊಂಡು, ಫೋಟೋದವನ ಕಡೆ ಮುಖ ಮಾಡಿ, ಗಟ್ಟಿಯಾಗಿ ಓದತೊಡಗಿದ. ಥಾಮಸ್ ಫ್ರೀಲಿ ಎನ್ನುವಾಗ ದನಿ ತಗ್ಗಿತು. ಆಹಡೂನ್ ಎನ್ನುವಾಗ ನಿಂತೇ ಹೋಯಿತು. ಮೈಕು ಮಾತ್ರ ಗುಂಯ್ಗುಡುತ್ತಿತ್ತು.

“ಇದು ಯಾರ ಕಾಗದ?”

“ಅವನ ಅಜ್ಜಂದು,” ಎಂದಳು ಅಟ್ರಾಕ್ಟಾ.

“ಅಜ್ಜನ್ನ ಯಾರಮ್ಮ ಕೇಳಿದ್ರು? ಇರೋದು ಅಜ್ಜಿ ನಿಯಮ.”

“ನಿಯಮದಲ್ಲಿ ಅಜ್ಜನೂ ಇದಾನೆ, ಮಲಕಿ. ನಾವ್ಯಾರೂ ಅಲ್ಲೀವರ್ಗೂ ಓದಿರಲಿಲ್ಲ.”

“ಮತ್ತೆ ನೋರಾ?”

ಮುಂದಿನ ಸಾಲಿನಿಂದ ನೋರಾಳೇ ಉತ್ತರ ಕೊಟ್ಟಳು. “ನಾನು ಹುಟ್ಟಿದ್ದು ರಾಚ್‌ಡೇಲ್ ಕಣೋ. ಇಂಗ್ಲಿಷ್‌ನೋಳು. ನಿಮ್ಮಪ್ಪ ನಮ್ಮ ತಮ್ಮನ್ನ ಆಚೆ ಹಾಕೋ ಬದ್ಲು ನನ್ನನ್ನ ಹಾಕ್ಬೇಕಿತ್ತು.”

ಹಿಂದಿನ ಸಾಲಿನವರು ಕೋಟು ಹುಡುಕತೊಡಗಿದರು. ಡೇಲ್ ಒಬ್ಬನೇ ಬಾಗಿ ಅಟ್ರಾಕ್ಟಾಳನ್ನು ಮೆತ್ತಗೆ ಕೇಳಿದ: “ಹಾಗಾದ್ರೆ ನಾನು ಆಡಬಹುದಾ, ಮೇಡಂ?”

“ಆಡಬಹುದಪ್ಪ.”

ಸ್ಯಾಂಡ್‌ವಿಚ್ ಗೋಪುರದ ಪಕ್ಕದಲ್ಲಿ ಮಲಕಿ ಅವಳನ್ನು ತಡೆದ. ಮುಖ ಕೆಂಪಾಗಿತ್ತು. “ಒಂದು ಸಾಲು. ಒಂದೇ ಒಂದು ಸಾಲಿಗೆ ಕಣ್ಣು ಮುಚ್ಕೊಂಡಿದ್ರೆ ನಿನ್ನ ಗಂಟೇನು ಹೋಗ್ತಿತ್ತು?”

“ಮುಚ್ಕೊಳೋಕೆ ಶುರು ಮಾಡಿದ್ರೆ ಎಲ್ಲಿ ಬಿಡ್ಲಿ? ನಿಮ್ಮಣ್ಣ ಹುಟ್ಟಿದ ತಾರೀಕು, ನಿಮ್ಮಪ್ಪನ ಮದುವೆ ತಾರೀಕು, ಎರಡೂ ಅದೇ ಕಪಾಟಲ್ಲಿದೆ. ಅದಕ್ಕೂ ಕಣ್ಣು ಮುಚ್ಕೋಬೇಕು ಅನ್ನೋದಾದ್ರೆ ಈಗಲೇ ಹೇಳಿಬಿಡು.”

ಮಲಕಿ ತಿಂಗಳುಗಳನ್ನು ಎಣಿಸುವ ಮುಖ ಮಾಡಿ, ಒಂದು ಸ್ಯಾಂಡ್‌ವಿಚ್ ಎತ್ತಿಕೊಂಡ.

ಇದಾಗಿ ಎರಡು ವರ್ಷ. ಡೇಲ್ ಹ್ಯಾಚ್ಲಿ ಐರ್ಲೆಂಡಿನ ಪರವಾಗಿ ಐದು ಪಂದ್ಯ ಆಡಿದ್ದಾನೆ, ಅವುಗಳಲ್ಲಿ ಮೂರು ಕೊನೆಯ ಹತ್ತು ನಿಮಿಷಕ್ಕೆ. ಆಹಡೂನಿನವರು ಫ್ರೀಲಿಗಳ ಪಾಳುಮನೆಯ ಮುಳ್ಳು ಕಡಿಸಿ, ಸೇತುವೆಯ ಪಕ್ಕ ಅವನ ಚಿತ್ರದ ಹಲಗೆ ನಿಲ್ಲಿಸಿದ್ದಾರೆ. ಅವನು ಅಲ್ಲಿಗೆ ಇನ್ನೂ ಬಂದಿಲ್ಲ. ನೋರಾ ತಂದೆತಾಯಿಯರ ಕಾಗದ ತೋರಿಸಿ ಐರಿಷ್ ಪಾಸ್‌ಪೋರ್ಟ್ ಪಡೆದಿದ್ದಾಳೆ. ಕಿಲ್‌ಡರಗ್ ಊರಿನ ಹಾಲ್‌ನಲ್ಲಿ ಚಹಾ ಮಾಡುವವರ ಪಟ್ಟಿಯಿಂದ ಅಟ್ರಾಕ್ಟಾಳ ಹೆಸರು ತೆಗೆಯಲಾಗಿದೆ. ಟಾರ್ಪಿಯ ಅಂಗಡಿಯಲ್ಲಿ ಅವಳ ಸರದಿ ಎಲ್ಲರಾದ ಮೇಲೆ ಬರುತ್ತದೆ. ಕ್ರಿಸ್‌ಮಸ್ಸಿಗೆ ಆಹಡೂನಿನವರು ಅವಳ ಮನೆಗೆ ಕೇಕು ಕಳಿಸುವುದರಿಂದ ಪರಿಸ್ಥಿತಿ ಸುಧಾರಿಸಿಲ್ಲ. ಅವಳನ್ನು ಬದಲಿಸಬೇಕೆಂದು ಬಿಷಪ್ಪರಿಗೆ ಅರ್ಜಿ ಹೋಗಿದೆ. ಊರಿನಲ್ಲಿ ಲ್ಯಾಟಿನ್ ಬಲ್ಲವರು ಬೇರೆ ಯಾರೂ ಇಲ್ಲದ ಕಾರಣ, ಮಂಗಳವಾರ ಮತ್ತು ಶುಕ್ರವಾರ ಹತ್ತರಿಂದ ಒಂದರವರೆಗೆ ಕಚೇರಿಯಲ್ಲಿ ಅವಳೇ ಇರುತ್ತಾಳೆ.