ಪಾರಿಜಾತದ ಬಾಗಿಲು ಮುಚ್ಚುವ ಬಸು

ಕೋಲ್ಕತ್ತದ ಬೆಹಾಲಾದ ಗಲ್ಲಿಗೆ ಇನ್ನೂ ಸರಿಯಾಗಿ ಬೆಳಕು ಹರಿದಿಲ್ಲ. ಗಾರೆ ಕೆಲಸದ ಬಸು ಪಾದ ಮುಳುಗುವ ನೀರಿನಲ್ಲಿ ನಿಂತು ಇಟ್ಟಿಗೆಯ ಮೇಲೆ ಇಟ್ಟಿಗೆ ಇಡುತ್ತಿದ್ದಾರೆ. 2005ರಲ್ಲಿ ತಾವೇ ಗೋಡೆ ಒಡೆದು ತೋಟಕ್ಕೆ ತೆರೆದ ಬಾಗಿಲನ್ನು ಈಗ, ಎರಡೇ ವರ್ಷಕ್ಕೆ, ತಾವೇ ಮುಚ್ಚುತ್ತಿದ್ದಾರೆ. ಕೈ ಓಡುತ್ತಿಲ್ಲ.

ಧಾರವಾಡದ ಕಡೆಯ ಈ ಬಸವರಾಜ ಮೆಟ್ರೊ ಸುರಂಗ ತೋಡುವ ಕಾಲಕ್ಕೆ ಕೋಲ್ಕತ್ತಕ್ಕೆ ಬಂದವರು. ಸುರಂಗ ಮುಗಿಯಿತು, ಇವರು ಉಳಿದರು. ಬಸು ಎಂಬುದು ಬಂಗಾಳಿಗಳ ಮನೆತನದ ಹೆಸರೂ ಹೌದು. ಹಾಗಾಗಿ ಊರು ಇವರನ್ನು ತನ್ನವನೆಂದು ಮಾತಾಡಿಸುತ್ತದೆ, ಕೂಲಿ ಕೊಡುವಾಗ ಮಾತ್ರ ಮರೆತುಬಿಡುತ್ತದೆ.

ಈ ಮನೆ ಹಿಂದೆ ಯಾರೋ ಸಿರಿವಂತರು ಬೇಸಿಗೆ ಕಳೆಯಲು ಕಟ್ಟಿಸಿದ್ದು. ಬಿಬಿಡಿ ಬಾಗ್‌ನ ಬ್ಯಾಂಕಿನಲ್ಲಿರುವ ಮೈಸೂರಿನ ಪುರುಷೋತ್ತಮ ಇದನ್ನು ಕೊಂಡದ್ದು ಹೆಂಡತಿ ಕೃಷ್ಣವೇಣಿಗಾಗಿ. ಸೊಂಟದ ಕೆಳಗೆ ಸ್ವಾಧೀನವಿಲ್ಲದ ಅವರಿಗೆ ಗಾಲಿಕುರ್ಚಿಯೇ ಗತಿ. ಪೂಜೆಯ ಹೂವು ಕೀಳಲು ಕೊಂಬೆಗೆ ಕೈ ಎಟುಕದು. ಆದರೆ ಇಲ್ಲಿನ ತೋಟದಲ್ಲಿದ್ದದ್ದು ನೆಲಕ್ಕೆ ಬಿದ್ದರೂ ದೇವರಿಗೆ ಸಲ್ಲುವ ಹೂವು ಪಾರಿಜಾತ, ಕೂತಲ್ಲೇ ಬಾಗಿ ಆರಿಸಿಕೊಳ್ಳಬಹುದು. ಅಷ್ಟಕ್ಕಾಗಿ ಬಸು ತೋಟದ ಕಡೆಯ ಕೋಣೆಯ ನೆಲವನ್ನೇ ಅಗೆದು ಮಣ್ಣಿನ ಮಟ್ಟಕ್ಕೆ ಇಳಿಸಿದರು. ಹೊಸ್ತಿಲಿಲ್ಲದ ಬಾಗಿಲು ಇಟ್ಟರು. ಕುರ್ಚಿ ಮಂಚದ ಬದಿಯಿಂದ ನೇರ ಮರದಡಿಗೆ ಉರುಳಿತು.

“ಮೊದಲ್ನೇ ದಿನ ಅಕ್ಕಾರು ಉಡಿ ತುಂಬ ಹೂವು ತಂದ್ರು. ನನ್ನ ಕೆಲಸಕ್ಕ ಅವತ್ತು ಬೆಲಿ ಬಂತ್ರಿ,” ಎನ್ನುತ್ತಾರೆ ಬಸು.

ಆಮೇಲೆ ಐಟಿ ಕಂಪನಿಗಳ ಹುಡುಗರಿಗೆಂದು ಫ್ಲ್ಯಾಟುಗಳು ಎದ್ದವು. ತೋಟದ ಹಿಂದಿದ್ದ ಕೊಳಕ್ಕೆ ಮಣ್ಣು ತುಂಬಿ, ಮೇಲೆ ಆರಂತಸ್ತು ಕಟ್ಟಿದರು. ಮಳೆನೀರಿಗೂ ಇರಲು ಜಾಗ ಬೇಕಲ್ಲ. ಅದು ಚರಂಡಿಯನ್ನೂ ಜೊತೆಗೆ ಕರೆದುಕೊಂಡು ಬಸು ಇಳಿಸಿದ ನೆಲಕ್ಕೆ ಬಂತು. ಈ ಮಳೆಗಾಲದಲ್ಲಿ ಕೃಷ್ಣವೇಣಿ ಜ್ವರದಿಂದ ಆಸ್ಪತ್ರೆ ಸೇರಿ ಬಂದರು. ಬಾಗಿಲಿಗೆ ಅಡ್ಡವಾಗಿ ಮೊಣಕಾಲೆತ್ತರ ಗೋಡೆ ಕಟ್ಟದೆ ವಿಧಿಯಿಲ್ಲ. ಅಷ್ಟೆತ್ತರವನ್ನು ಕುರ್ಚಿ ದಾಟುವಂತೆ ಇಳಿಜಾರು ಹಾಕಲು ಕೋಣೆ ಸಾಲದು.

ಬಸು ಅವರದೇನೂ ತಪ್ಪಿಲ್ಲ ಎಂದು ಪುರುಷೋತ್ತಮ ಎಷ್ಟು ಹೇಳಿದರೂ ಅವರ ಮನಸ್ಸು ಒಪ್ಪುತ್ತಿಲ್ಲ. “ನೆಲಾ ಇಳಿಸಿದಾಂವ ನಾನ ಅಲ್ಲೇನ್ರಿ? ಮೊದಲಿನಂಗ ಇದ್ದಿದ್ರ ನೀರು ಒಳಗ ಬರತಿದ್ದಿಲ್ಲ.”

ರಾತ್ರಿಯೆಲ್ಲ ಉದುರಿದ ಪಾರಿಜಾತ ತೋಟದ ಕಪ್ಪು ನೀರಿನ ಮೇಲೆ ತೇಲುತ್ತಿದೆ. ಬಸು ಕರಣೆ ಕೆಳಗಿಟ್ಟು ಒಳಗೆ ನೋಡುತ್ತಾರೆ. “ಆರಿಸಿ ಕೊಡ್ಲೇನ್ರಿ ಅಕ್ಕಾರ?”

“ಬೇಡ ಬಸಣ್ಣ. ಚರಂಡಿ ನೀರು ಮುಟ್ಟಿದ್ದು, ದೇವರಿಗೆ ಹೇಗೆ ಏರಿಸಲಿ?” ಕೃಷ್ಣವೇಣಿ ಗಾಲಿಕುರ್ಚಿಯನ್ನು ಒಳಕ್ಕೆ ತಿರುಗಿಸಿಕೊಳ್ಳುತ್ತಾರೆ. “ಅರ್ಧಕ್ಕೆ ನಿಲ್ಲಿಸಬೇಡಿ. ಪೂರ್ತಿ ಮೇಲಿನ ತನಕ ಕಟ್ಟಿಬಿಡಿ. ಇಲ್ಲದಿದ್ರೆ ದಿನಾ ಮರ ಕಾಣ್ತಾ ಇರುತ್ತೆ.”

ಬಸು ಮತ್ತೆ ಕರಣೆ ಎತ್ತಿಕೊಳ್ಳುತ್ತಾರೆ. ಪಕ್ಕದಲ್ಲಿ ಸಿಮೆಂಟಿನ ಚೀಲ ಬಿಚ್ಚದೆ ಬಿದ್ದಿದೆ, ಅವರು ಕಲಸಿರುವುದು ಸುಣ್ಣದ ಗಾರೆ. ಸುಣ್ಣದಲ್ಲಿ ಕಟ್ಟಿದ ಇಟ್ಟಿಗೆಯನ್ನು ಮುಂದೊಂದು ದಿನ ಒಡೆಯದೆ ಬಿಡಿಸಿಕೊಳ್ಳಬಹುದು. ಬಿಡಿಸುವ ದಿನ ಬರುತ್ತದೆಯೇ ಎಂದರೆ ಎದುರಿನ ಆರಂತಸ್ತಿನ ಕಡೆ ನೋಡಿ ಇಲ್ಲವೆಂದು ತಲೆಯಾಡಿಸುತ್ತಾರೆ.

“ಇಲ್ಲೀತನಕ ಕಟ್ಟಿದ್ದೆಲ್ಲಾ ಗಟ್ಟಿ ನಿಲ್ಲಲಿ ಅಂತ ಬೇಡಿಕೊಂಡೀನ್ರಿ,” ಎನ್ನುತ್ತಾ ಮುಂದಿನ ಇಟ್ಟಿಗೆ ಎತ್ತಿಕೊಳ್ಳುತ್ತಾರೆ. “ಇದೊಂದು ನಿಲ್ಲೂದು ಬ್ಯಾಡ.”