ಇನ್ನೊಂದು ವರ್ಷ ಇರಲಿ ಎಂದೆ

ಹಾಕಿಯ ವಿಷಯದಲ್ಲಿ ನಾನು ಯಾರ ಮುಲಾಜಿಗೂ ಬಿದ್ದವನಲ್ಲ. ಆಡಲು ಬಾರದವನಿಗೆ ಬಾರದು ಎಂದು ಮುಖದ ಮೇಲೆ ಹೇಳಿ ಬೈಸಿಕೊಂಡಿದ್ದೇನೆ. ಒಬ್ಬನ ವಿಷಯದಲ್ಲಿ ಮಾತ್ರ ನನ್ನ ನಾಲಿಗೆ ಕೆಟ್ಟಿತು. ಅವನೇ ನನ್ನ ಕೈಯಲ್ಲಿ ಬೆಳೆದವರಲ್ಲೆಲ್ಲ ಒಳ್ಳೆಯ ಆಟಗಾರ.

ಅರವತ್ತರ ದಶಕ ಶುರುವಾದ ಹೊಸತು. ಗದಗಿನಿಂದ ಪುತ್ತೂರಿನ ಕಾಲೇಜಿಗೆ ಡ್ರಿಲ್ ಮಾಷ್ಟ್ರಾಗಿ ಬಂದಿದ್ದೆ. ಬಸ್ ಸ್ಟ್ಯಾಂಡಿನ ಹಿಂದೆ ಜವಳಿ ಅಂಗಡಿಯೊಂದರ ಮಾಳಿಗೆಯಲ್ಲಿ ಕೋಣೆ, ಊಟ ಹೋಟೆಲಿನಲ್ಲಿ. ಮದುವೆ ಆಗಿರಲಿಲ್ಲ, ಆಗುವ ಲಕ್ಷಣವೂ ಇರಲಿಲ್ಲ. ಊರಿನವರು ಕೆಟ್ಟವರಲ್ಲ. "ಊಟ ಆಯ್ತಾ ಮಾಷ್ಟ್ರೆ?" ಎಂದು ಕೇಳುತ್ತಿದ್ದರು, ನಾನು ಆಯಿತು ಎನ್ನುವಷ್ಟರಲ್ಲಿ ಪಕ್ಕದವನ ಕಡೆ ತಿರುಗಿ ತುಳುವಿನಲ್ಲಿ ಏನೋ ಹೇಳಿ ನಗುತ್ತಿದ್ದರು. ನನ್ನನ್ನೇ ನೋಡಿ ನಗುತ್ತಾರೆಂದು ಮೊದಮೊದಲು ಸಿಟ್ಟು ಬರುತ್ತಿತ್ತು. ಅವರ ನಗೆಗೂ ನನಗೂ ಸಂಬಂಧವೇ ಇಲ್ಲವೆಂದು ತಿಳಿದ ಮೇಲೆ ಇನ್ನೂ ಬೇಸರವಾಯಿತು. ಭಾನುವಾರ ಬಂತೆಂದರೆ ನನಗೆ ಹೆದರಿಕೆ. ಶನಿವಾರ ಸಂಜೆ ಬಾಯಿ ಮುಚ್ಚಿದರೆ ಸೋಮವಾರವೇ ತೆರೆಯುವುದು.

ಎರಡನೆಯ ವರ್ಷ ಅವನು ಬಂದ. ಸುಳ್ಯದಿಂದ ಆಚೆ, ಕೊಡಗಿನ ಗಡಿಗೆ ಹತ್ತಿರದ ಗೌಡರ ಮನೆಯ ಹುಡುಗ. ತಾಯಿಯ ತವರು ಕೊಡಗಿನ ಕಡೆ, ಸೋದರಮಾವಂದಿರು ಹಾಕಿ ಆಡಿದವರು. ನಮ್ಮ ಕಾಲೇಜಿನ ಮೈದಾನ ಎಂದರೆ ಗುಡ್ಡ ತರಿದು ಮಾಡಿದ ಬರೀ ಮುರಕಲ್ಲು. ಹುಲ್ಲಿನ ಹೆಸರಿಲ್ಲ. ಚೆಂಡು ಯಾವ ಕಲ್ಲಿಗೆ ತಾಗಿ ಎತ್ತ ಹಾರುತ್ತದೆಂದು ಚೆಂಡಿಗೇ ಗೊತ್ತಿರುತ್ತಿರಲಿಲ್ಲ. ಬೇರೆ ಹುಡುಗರು ಮೊಣಕಾಲು ಕಾಪಾಡಿಕೊಂಡು ಆಡುತ್ತಿದ್ದರು. ಇವನು ಬರಿಗಾಲಲ್ಲಿ ನುಗ್ಗಿ, ಹಾರಿದ ಚೆಂಡನ್ನು ಸ್ಟಿಕ್ಕಿನ ಮೇಲೆ ಮೆತ್ತಗೆ ಇಳಿಸಿಕೊಂಡು, ಮೂವರನ್ನು ದಾಟಿ ಗೋಲಿನ ಮುಂದೆ ನಿಂತಿರುತ್ತಿದ್ದ. ನೋಡುತ್ತ ನಾನು ಸೀಟಿ ಊದುವುದನ್ನೇ ಮರೆತದ್ದುಂಟು.

ಬೆಳಿಗ್ಗೆ ಆರಕ್ಕೆ ಇಬ್ಬರೇ ಅಭ್ಯಾಸ ಮಾಡುತ್ತಿದ್ದೆವು. ಆಮೇಲೆ ಹೋಟೆಲಿನಲ್ಲಿ ಅವಲಕ್ಕಿ, ಕಾಫಿ. ಭಾನುವಾರ ಹಾಸ್ಟೆಲಿನಿಂದ ನನ್ನ ಕೋಣೆಗೆ ಬಂದು ಚಾಪೆಯ ಮೇಲೆ ಕಾಲು ಚಾಚಿ ಕೂತರೆ ಮಧ್ಯಾಹ್ನ ಊಟದವರೆಗೆ ಮಾತು. ನನ್ನ ಗದಗಿನ ಮಾತನ್ನು ಅಣಕಿಸುತ್ತಿದ್ದ. "ಸರ್, ನೀವು ಬೈದ್ರೂ ಹಾಡಿನ ಹಾಗೆ ಕೇಳ್ತದೆ" ಎನ್ನುತ್ತಿದ್ದ. "ನಿಮ್ಮೂರವರು ಹಾಡಿದರೂ ಲೆಕ್ಕದ ಪಾಠ ಒಪ್ಪಿಸಿದ ಹಾಗಿರತದ, ಸುಮ್ನಿರು" ಎನ್ನುತ್ತಿದ್ದೆ ನಾನು. ಹೀಗೆ ಎರಡು ವರ್ಷ ಕಳೆದವು, ನನಗೆ ಭಾನುವಾರದ ಹೆದರಿಕೆ ಹೋಯಿತು.

ಅವನು ಬಿ.ಎ. ಕಡೆಯ ವರ್ಷಕ್ಕೆ ಕಾಲಿಟ್ಟಾಗ ಮಂಗಳೂರಿನಲ್ಲೊಂದು ಪಂದ್ಯ ಆಡಿದೆವು. ನೋಡಲು ಬಂದಿದ್ದ ಮದ್ರಾಸಿನ ರೈಲ್ವೆ ತಂಡದವರೊಬ್ಬರು ವಾರ ಕಳೆಯುವಷ್ಟರಲ್ಲಿ ನನಗೆ ಕಾಗದ ಬರೆದರು. ಹುಡುಗನನ್ನು ಬರುವ ತಿಂಗಳು ಆಯ್ಕೆಗೆ ಕಳಿಸಿಕೊಡಿ, ಆಟ ಹಿಡಿಸಿದರೆ ಗುಮಾಸ್ತೆ ಕೆಲಸ ಕೊಟ್ಟು ತಂಡಕ್ಕೆ ಸೇರಿಸಿಕೊಳ್ಳುತ್ತೇವೆ, ಆದರೆ ಓದು ಬಿಡಬೇಕಾದೀತು ಎಂದಿತ್ತು.

ಅಧ್ಯಾಪಕರ ಕೋಣೆಯಲ್ಲಿ ಎರಡು ದಿನ ಇದೇ ಚರ್ಚೆ. ಚರಿತ್ರೆಯ ಮಾಷ್ಟ್ರು ಜೀವಮಾನದಲ್ಲಿ ಸ್ಟಿಕ್ ಮುಟ್ಟಿದವರಲ್ಲ. ಅವರು ಹೇಳಿದರು, "ಮುರಕಲ್ಲಲ್ಲಿ ಕಲಿತವ ಮದ್ರಾಸಿನ ಹುಲ್ಲಲ್ಲಿ ಎಂತ ಆಡ್ತಾನೆ ಮಾರಾಯ್ರೆ? ಅಲ್ಲಿ ಇಂಥವರು ಸಾಲಾಗಿ ನಿಂತಿರ್ತಾರೆ. ಡಿಗ್ರಿಯೂ ಇಲ್ಲ, ಆಟವೂ ಇಲ್ಲ ಅಂತಾದ್ರೆ?"

ನನಗೆ ರೇಗಿತು. "ಕಲ್ಲಿನ ಮ್ಯಾಲೆ ಚೆಂಡು ಹಿಡಿದವಗ ಹುಲ್ಲಿನ ಮ್ಯಾಲೆ ಹಿಡಿಯೋದು ಹಾಸಿಗ್ಯಾಗ ಮಲಗಿದಂಗ್ರಿ. ಮೂರು ವರ್ಷದಾಗ ಅಂವ ದೇಶಕ್ಕ ಆಡತಾನ" ಎಂದು ಮೇಜು ಗುದ್ದಿದೆ. ಆ ಮಾತನ್ನು ನಾನು ನಂಬಿದ್ದೆ. ಈಗಲೂ ನಂಬುತ್ತೇನೆ.

ಮನೆಯವರ ಒಪ್ಪಿಗೆ ಕೇಳಲು ಶನಿವಾರ ಇಬ್ಬರೂ ಸುಳ್ಯದ ಬಸ್ಸು ಹತ್ತಿದೆವು. ದಾರಿಯುದ್ದಕ್ಕೂ ಅವನ ಬಾಯಿಗೆ ಬಿಡುವಿಲ್ಲ. ಮದ್ರಾಸಿನಲ್ಲಿ ಸಮುದ್ರ ಎಷ್ಟು ದೂರ, ಬೂಟು ಅವರೇ ಕೊಡುತ್ತಾರಾ, ಗುಮಾಸ್ತೆಗೆ ತಮಿಳು ಬರಬೇಕಾ. ಬೆಳ್ಳಾರೆ ದಾಟಿದ ಮೇಲೆ ಹೊರಗೆ ನೋಡುತ್ತ ತಟ್ಟನೆ ಕೇಳಿದ, "ಸರ್, ನಾನು ಹೋದ್ಮೇಲೆ ಬೆಳಿಗ್ಗೆ ನೀವು ಎಂತ ಮಾಡುದು?"

ಮಾತಿಗೆಂದು ಕೇಳಿದ್ದು ಅಷ್ಟೆ. ಮಾಳಿಗೆಯ ಕೋಣೆ, ಸುತ್ತಿಟ್ಟ ಚಾಪೆ, ಹೋಟೆಲಿನಲ್ಲಿ ನನಗೆ ತಿಳಿಯದ ನಗೆ ಎಲ್ಲ ಒಟ್ಟಿಗೆ ಕಣ್ಣ ಮುಂದೆ ಬಂದವು. ಮುಂದಿನ ಸೀಟಿನ ಕಂಬಿಗೆ ಹಣೆ ಆನಿಸಿದೆ. ಘಟ್ಟದ ರಸ್ತೆಯ ತಿರುವಿಗೆ ತಲೆ ಸುತ್ತುತ್ತದೆ ಎಂದು ಅವನಿಗೆ ಹೇಳಿದೆ. "ಘಟ್ಟ ಇನ್ನೂ ಶುರುವೇ ಆಗ್ಲಿಲ್ಲ ಸರ್" ಎಂದು ನಕ್ಕ.

ಮನೆಯ ಯಜಮಾನಿಕೆ ಅವನ ದೊಡ್ಡಪ್ಪನದು. ತಂದೆ ತೀರಿಕೊಂಡು ಬಹಳ ವರ್ಷವಾಗಿತ್ತು. ಊಟವಾದ ಮೇಲೆ ಜಗಲಿಯಲ್ಲಿ ದೊಡ್ಡಪ್ಪ, ಬಾಗಿಲ ಬಳಿ ತಾಯಿ, ಕಂಬಕ್ಕೊರಗಿ ಇವನು.

"ಮಾಷ್ಟ್ರೆ, ಚೆಂಡಿಗೆ ಹೊಡೆದ್ರೆ ರೈಲಿನವರು ಸಂಬಳ ಕೊಡುದುಂಟಾ?" ಎಂದರು ದೊಡ್ಡಪ್ಪ. ತಮಾಷೆಗಲ್ಲ, ನಿಜವಾಗಿ ತಿಳಿಯಲು ಕೇಳಿದ್ದು.

"ಕೊಡತಾರ್ರಿ."

"ಕಾಲು ಮುರಿದ್ರೆ?"

ನಾನು ಬಾಯಿ ತೆರೆಯುವ ಮೊದಲೇ ತಾಯಿ ಹೇಳಿದರು, "ಕಾಲು ಇಲ್ಲಿ ಮರ ಹತ್ತಿದ್ರೂ ಮುರೀತದೆ ಭಾವ. ನನ್ನ ತವರಲ್ಲಿ ಆಟ ಆಡಿದವರು ತುಂಬ ಉಂಟು. ಇವನ ಹಾಗೆ ಆಡುವವ ಒಬ್ಬನೂ ಇಲ್ಲ. ಹೋಗ್ಲಿ ಅವ."

ಇಬ್ಬರೂ ತಮ್ಮ ಮನೆಮಾತಾದ ಅರೆಭಾಷೆಗೆ ಇಳಿದರು. ನನಗೆ ಅರ್ಧ ತಿಳಿಯಿತು, ಅರ್ಧ ತಿಳಿಯಲಿಲ್ಲ. ಕಡೆಗೆ ದೊಡ್ಡಪ್ಪ ಒಳಗೆ ಹೋಗಿ ವೀಳ್ಯದೆಲೆ, ಅಡಿಕೆ ತಂದು ಎರಡೂ ಕೈಯಲ್ಲಿ ನನ್ನ ಮುಂದೆ ಹಿಡಿದರು. ನಮ್ಮ ಕಡೆ ಊಟವಾದ ಮೇಲೆ ಎಲೆ ಅಡಿಕೆ ಕೊಡುವುದು ಮರ್ಯಾದೆ. ಆ ಲೆಕ್ಕದಲ್ಲೇ ತೆಗೆದುಕೊಂಡು ಅಡಿಕೆ ಬಾಯಿಗೆ ಹಾಕಿದೆ. ಆಗ ಅವರು ಹೇಳಿದರು:

"ಇನ್ನು ನಿಮ್ಮ ಮಾತು ಮಾಷ್ಟ್ರೆ. ಅವ ಅಲ್ಲಿ ನಿಲ್ಲುವಷ್ಟು ಆಡ್ತಾನಾ ಇಲ್ವಾ, ಅದು ನಮಗೆ ಗೊತ್ತಾಗುದಲ್ಲ. ನೀವು ಹೋಗು ಅಂದ್ರೆ ಹೋಗುದು, ಬೇಡ ಅಂದ್ರೆ ಬೇಡ. ವೀಳ್ಯ ಕೊಟ್ಟ ಮೇಲೆ ಈ ಮನೆಯಲ್ಲಿ ಎದುರು ಮಾತಿಲ್ಲ."

ಮೂವರೂ ನನ್ನ ಬಾಯಿ ನೋಡುತ್ತ ಕೂತರು. ಹುಡುಗನ ಮುಖದಲ್ಲಿ ಆಗಲೇ ನಗೆ. ನಾನು ಏನು ಹೇಳುತ್ತೇನೆಂದು ಅವನಿಗೆ ಖಾತ್ರಿಯಿತ್ತು.

"ಇನ್ನೊಂದ್ ವರ್ಷ ಇರಲಿ" ಎಂದೆ. "ಎಡಗಡೆಯಿಂದ ಬರೋ ಚೆಂಡಿಗೆ ಸ್ಟಿಕ್ ತಿರುವೋದು ಇನ್ನೂ ಕಚ್ಚಾ ಅದ. ಈಗ ಹೋದರ ವಾಪಸ್ ಕಳಸತಾರ."

ಆ ದೋಷ ಇದ್ದದ್ದು ನಿಜ. ಮೂರು ತಿಂಗಳಲ್ಲಿ ತಿದ್ದುವಂಥದ್ದು ಎಂಬುದೂ ನಿಜ, ಅದನ್ನು ಹೇಳಲಿಲ್ಲ. ನನ್ನ ಅಂದಾಜು ಬೇರೆ ಇತ್ತು. ಎದುರು ಮಾತಿಲ್ಲ ಎಂದದ್ದು ಬರೀ ಉಪಚಾರಕ್ಕೆ ಎಂದುಕೊಂಡಿದ್ದೆ. ತಾಯಿ ಸುಮ್ಮನಿರುವುದಿಲ್ಲ, ಜಗಳಕ್ಕೆ ಬರುತ್ತಾರೆ, ಹುಡುಗನೂ ಹಟ ಮಾಡುತ್ತಾನೆ, ಆಗ ನಾನು ಸೋತ ಹಾಗೆ ಮಾಡಿ ಆಯಿತು ಹೋಗಲಿ ಎಂದುಬಿಡುವುದು. ಕೊನೆಗೆ ಕಳಿಸಿಯೇ ಕಳಿಸುತ್ತಿದ್ದೆ. ಕಳಿಸುವ ಮೊದಲು ಒಬ್ಬರಾದರೂ ನನ್ನಿಂದ ಅವನನ್ನು ಕಿತ್ತುಕೊಳ್ಳಲಿ ಎಂಬ ಹಟ ನನ್ನದು.

ಯಾರೂ ಕಿತ್ತುಕೊಳ್ಳಲಿಲ್ಲ. ತಾಯಿ ಸೆರಗು ಸರಿಮಾಡಿಕೊಂಡು ಎದ್ದು ಒಳಗೆ ಹೋದರು. ದೊಡ್ಡಪ್ಪ "ಹಾಗಾದ್ರೆ ಹಾಗೆ" ಎಂದರು. ಹುಡುಗ "ಸರಿ ಸರ್" ಎಂದ. ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು ಎಂಬ ಗಾದೆಯನ್ನು ಹುಡುಗರಿಗೆ ನೂರು ಸಲ ಹೇಳಿದವನು ನಾನು. ಅಲ್ಲೇ, ಆಗಲೇ, ತಪ್ಪಿ ಹೇಳಿದೆ ಎಂದುಬಿಟ್ಟಿದ್ದರೆ ಆಗುತ್ತಿತ್ತು. ವೀಳ್ಯ ಹಿಡಿದ ಮಾಷ್ಟ್ರು ಮಾತು ಬದಲಿಸಿದರು ಎಂದಾರು ಎಂದು ನಾಚಿಕೆಯಾಯಿತು. ಹಾಳು ನಾಚಿಕೆ.

ಆ ವರ್ಷವೂ ಅವನು ಬೆಳಿಗ್ಗೆ ಆರಕ್ಕೆ ಬಂದ. ಭಾನುವಾರವೂ ಬಂದ. ಅಣಕ ಮಾತ್ರ ನಿಂತಿತು. ಎಡಗಡೆಯ ಚೆಂಡನ್ನೇ ಹಾಕಿ ಸರ್ ಎಂದು ಕೇಳಿ ಕೇಳಿ ಆಡಿದ. ದೀಪಾವಳಿಯ ಹೊತ್ತಿಗೆ ಆ ದೋಷ ಇರಲಿಲ್ಲ. ಮದ್ರಾಸಿಗೆ ಬರೆದೆ. ಜಾಗ ತುಂಬಿದೆ ಎಂದು ಉತ್ತರ ಬಂತು. ಮತ್ತೆರಡು ಸಲ ಬರೆದೆ, ಉತ್ತರವೇ ಬರಲಿಲ್ಲ. ಪರೀಕ್ಷೆ ಮುಗಿಸಿ ಅವನು ಊರಿಗೆ ಹೋದ. ಯಾರಿಗಾಗಿ ನಾಲಿಗೆ ಕೆಡಿಸಿಕೊಂಡೆನೋ ಅವನಿಲ್ಲದೆಯೇ ಮುಂದಿನ ಭಾನುವಾರಗಳು ಬಂದವು.

ನಾಲ್ಕೈದು ವರ್ಷದ ಮೇಲೆ ಶಾಲೆಗಳ ಕ್ರೀಡಾಕೂಟಕ್ಕೆಂದು ಕಡಬಕ್ಕೆ ಹೋಗಿದ್ದೆ. ಹೋಟೆಲಿನಲ್ಲಿ ಕೂತಿದ್ದಾಗ ಯಾರೋ ಬಂದು ಕಾಲು ಮುಟ್ಟಿದರು. ಅವನೇ. ತುಸು ದಪ್ಪಗಾಗಿದ್ದ. ಕೊಯಿಲದ ಸರ್ಕಾರಿ ದನದ ಫಾರ್ಮಿನಲ್ಲಿ ಗುಮಾಸ್ತೆಯಂತೆ. ಜೊತೆಗೆ ಅಲ್ಲಿಯ ದನದ ಡಾಕ್ಟರಿದ್ದರು.

"ಆಡುದುಂಟಾ?" ಎಂದೆ. ಇಷ್ಟು ವರ್ಷದಲ್ಲಿ ನನ್ನ ಬಾಯಿಗೂ ಅವರ ಮಾತು ಬಂದಿತ್ತು.

"ಇಲ್ಲ ಸರ್. ಅಷ್ಟು ಇಲ್ಲ ಅಂತ ಗೊತ್ತಾದ್ಮೇಲೆ ಮತ್ತೆ ಎಂತಕ್ಕೆ?" ಎಂದು ಹೇಳಿ ಡಾಕ್ಟರ ಕಡೆ ತಿರುಗಿದ. "ಇವರೇ ನನ್ನ ಸರ್. ಊರಿಡೀ ನನ್ನನ್ನು ಹೊಗಳ್ತಿತ್ತು. ನನ್ನ ಮೇಲೆ ಅಷ್ಟು ಪ್ರೀತಿ ಇದ್ದೂ ನಿಜ ಹೇಳಿದ್ದು ಇವರೊಬ್ಬರೇ. ಇಲ್ಲದಿದ್ರೆ ಮದ್ರಾಸಿಗೆ ಹೋಗಿ ಮರ್ಯಾದೆ ಕಳ್ಕೊಂಡು ಬರ್ತಿದ್ದೆ. ಅಲ್ವಾ ಸರ್?"

ಅವನು ಕಾಯುತ್ತಿದ್ದ. ಡಾಕ್ಟರೂ ನನ್ನನ್ನೇ ನೋಡುತ್ತಿದ್ದರು.

"ಹೌದಪಾ" ಎಂದೆ.