ಜೋಳಿಗೆಗೆ ಹಾಕಲು ಒಂದು ಚಟ

ಆಗಿನ ದಿನಗಳಲ್ಲಿ ನಮ್ಮೂರ ಚಟಗಳೆಲ್ಲ ದೊಡ್ಡವರ ಹೆಸರಿನಲ್ಲಿದ್ದವು. ಹೊಲಮನೆಯ ಹಾಗೆ ಅವೂ ವಯಸ್ಸಿಗೆ ಬಂದ ಮೇಲೆ ನಮ್ಮ ಪಾಲಿಗೆ ಬರುತ್ತವೆ, ಅಲ್ಲಿಯತನಕ ಅವಸರಪಡುವುದು ಮರ್ಯಾದೆಯಲ್ಲ ಎಂದು ನಾವು ಹುಡುಗರು ನಂಬಿದ್ದೆವು. ಮುದುಕಿಯರಿಗೆ ನಶ್ಯ, ಮುದುಕರಿಗೆ ಬೀಡಿ, ಅಪ್ಪಂದಿರಿಗೆ ಇಸ್ಪೀಟು, ಕೆಲವು ಅಪ್ಪಂದಿರಿಗೆ ಪಾಕೀಟಿನ ಶೆರೆ, ಅಂದರೆ ಸಾರಾಯಿ. ಸವದತ್ತಿ ತಾಲೂಕಿನ ನಮ್ಮ ಊರು ಇಷ್ಟರಮಟ್ಟಿಗೆ ಶಿಸ್ತಿನದಾಗಿತ್ತು. ಆ ಶಿಸ್ತು ಕೆಟ್ಟದ್ದು ಒಂದು ಶ್ರಾವಣದಲ್ಲಿ, ಅದೂ ಬಹಳ ಒಳ್ಳೆಯ ಉದ್ದೇಶದಿಂದ.

ನಾನಾಗ ಹತ್ತನೆಯ ಇಯತ್ತೆ. ನಾಗರ ಪಂಚಮಿ ಮುಗಿದಿತ್ತು, ಬೇವಿನ ಮರದ ಜೋಕಾಲಿಯ ಹಗ್ಗ ಇನ್ನೂ ಬಿಚ್ಚಿರಲಿಲ್ಲ. ಮನೆಯಲ್ಲಿ ಶೇಂಗಾ ಉಂಡಿ, ಎಳ್ಳುಂಡಿಗಳ ಡಬ್ಬಿ ತಳ ಕಾಣುತ್ತಿತ್ತು. ಕೊಬ್ಬರಿ ಬಟ್ಟಲಿಗೆ ದಾರ ಪೋಣಿಸಿ ಗಿರಗಿರ ತಿರುಗಿಸುವ ಆಟಕ್ಕೆ ನಾವು ದೊಡ್ಡವರಾಗಿಬಿಟ್ಟಿದ್ದೆವು. ಯಾರೂ ನೋಡದಾಗ ಮಾತ್ರ ತಿರುಗಿಸುತ್ತಿದ್ದೆವು. ನವಿಲುತೀರ್ಥದ ಆಣೆಕಟ್ಟಿನ ನೀರು ಕಾಲುವೆಯಲ್ಲಿ ದಂಡೆ ಮುಟ್ಟಿ ಹರಿಯುತ್ತಿತ್ತು. ಮೋಡ ಕವಿದ ಮಧ್ಯಾಹ್ನಗಳಲ್ಲಿ ಅಂಗಳದಲ್ಲಿ ಹರವಿದ ಹೆಸರುಕಾಯಿಯ ಹಸಿ ವಾಸನೆ, ನೆನೆದ ಎರೆಮಣ್ಣಿನ ವಾಸನೆ. ಆ ತಿಂಗಳಿಗೆ ಇನ್ನೊಂದು ವಾಸನೆಯೂ ಇತ್ತು; ಈ ಕಥೆಯೆಲ್ಲ ಅದರದೇ.

ಈರಣ್ಣ ನಮ್ಮ ಓಣಿಯವನು, ನನ್ನ ಬೆಂಚಿನವನು, ವರ್ಗಕ್ಕೆ ಮೊದಲನೆಯವನು. ಭಾಷಣ ಸ್ಪರ್ಧೆಗಳಲ್ಲಿ ‘ಮದ್ಯಪಾನದ ದುಷ್ಪರಿಣಾಮಗಳು’ ಎಂಬ ವಿಷಯ ಬಂತೆಂದರೆ ಉಳಿದ ಹುಡುಗರು ಹೆಸರನ್ನೇ ಕೊಡುತ್ತಿರಲಿಲ್ಲ. ಆ ವಿಷಯದ ಸಾಮಗ್ರಿ ಅವನಿಗೆ ಮನೆಯಲ್ಲೇ ಸಿಗುತ್ತಿತ್ತು. ಅವನ ಅಪ್ಪ ಗುರಪ್ಪ ಕಾಕಾ ಕುಡಿದರೆ ಹೊಡೆಯುವವನಲ್ಲ, ಕ್ಷಮೆ ಕೇಳುವವನು. ಸಂಜೆ ಓಣಿಯ ತುದಿಯಿಂದ ಶುರುಮಾಡಿ ಎದುರು ಸಿಕ್ಕವರಿಗೆಲ್ಲ ಕೈಮುಗಿದು ‘ತಪ್ಪಾತ್ರಿ’ ಎನ್ನುತ್ತ ಬಂದು, ಕೊನೆಗೆ ಹಿತ್ತಲಿನ ಎಮ್ಮೆಗೂ ಅಷ್ಟೇ ವಿನಯದಿಂದ ಹೇಳಿ ಮಲಗುತ್ತಿದ್ದ. ಕ್ಷಮೆ ಸಿಗದ್ದು ಅವನ ಹೆಂಡತಿ ನೀಲವ್ವನಿಂದ ಮಾತ್ರ. ಆಕೆ ಎಂದೋ ಅಳುವುದನ್ನು ಬಿಟ್ಟು ಸುಮ್ಮನೆ ರೊಟ್ಟಿ ಬಡಿಯುತ್ತಿದ್ದಳು.

ಆ ಶ್ರಾವಣದಲ್ಲಿ ಅಜ್ಜಾರು ಊರಿಗೆ ಬರುವ ಸುದ್ದಿ ಬಂತು. ಮಠದ ಸ್ವಾಮಿಗಳನ್ನು ನಮ್ಮ ಕಡೆ ಹಾಗೆನ್ನುತ್ತೇವೆ. ಅವರು ಹೆಗಲಿಗೆ ಜೋಳಿಗೆ ಹಾಕಿಕೊಂಡು ಊರೂರು ತಿರುಗಿ ಭಿಕ್ಷೆ ಬೇಡುತ್ತಿದ್ದರು. ಕಾಳುಕಡಿಯ ಭಿಕ್ಷೆಯಲ್ಲ, ಚಟಗಳ ಭಿಕ್ಷೆ. ಬೀಡಿಯವನು ಬೀಡಿಯ ಕಟ್ಟನ್ನು, ಗುಟಕಾದವನು ಪೊಟ್ಟಣವನ್ನು, ಕುಡಿಯುವವನು ಪಾಕೀಟನ್ನು ಜೋಳಿಗೆಗೆ ಹಾಕಿ, ಎಲ್ಲರಿಗೂ ಕೇಳುವಂತೆ ‘ಇದು ನಂದ್ರಿ ಅಜ್ಜಾರ, ಇವತ್ತಿಗೆ ಬಿಟ್ಟೆ’ ಎನ್ನಬೇಕು. ಹಾಗೆ ಬಿಟ್ಟು ಬದುಕಿದವರು ನಮ್ಮ ಸೀಮೆಯಲ್ಲಿ ಬಹಳ ಜನ ಇದ್ದಾರೆ. ಅಜ್ಜಾರ ಮೇಲೆ ನನ್ನ ತಕರಾರಿಲ್ಲ. ತೊಡಕು ಆದದ್ದು ನಮ್ಮ ಹೆಡ್‌ಮಾಸ್ತರರ ಉತ್ಸಾಹದಿಂದ.

ಪ್ರಾರ್ಥನೆ ಮುಗಿದ ಮೇಲೆ ಅವರು ಕಟ್ಟೆಯೇರಿ ನಿಂತರು. “ಮಗ್ಗಲ ಊರಿನ ಸಾಲಿ ಹುಡುಗರು ಜೋಳಿಗಿ ತುಂಬಿಸಿ ಕಳಿಸ್ಯಾರ. ನಮ್ಮ ಸಾಲಿ ಹೆಸರ ಕೆಡಬಾರದು. ಪ್ರತಿಯೊಬ್ಬರೂ ಒಂದೊಂದ ಚಟಾ ತರಬೇಕು!”

ಹಿಂದಿನ ಸಾಲಿನಿಂದ ಯಾವನೋ ಕೈಯೆತ್ತಿದ. “ಸರ, ನನಗ ಯಾ ಚಟಾನೂ ಇಲ್ರೀ.”

“ಇಲ್ಲಂದ್ರ ಹುಡುಕಲೇ ಮಂಗ್ಯಾ! ಸ್ವಾಮಾರದ ತನಕ ವ್ಯಾಳ್ಯಾ ಐತಿ.”

ಇಡೀ ಸಾಲೆ ಚಟದ ಶೋಧನೆಗೆ ಹೊರಟಿತು. ಒಬ್ಬ ಬಳಪ ತಿನ್ನುವುದನ್ನು ಕಂಡುಕೊಂಡ. ಇನ್ನೊಬ್ಬ ತನ್ನ ಮುದುಕಿ ಆಯಿಯ ನಶ್ಯದ ಡಬ್ಬಿಯನ್ನು ಎಗರಿಸಿ ತಂದ; ಆಯಿ ಸೀನಲಾಗದ ಸಂಕಟದಲ್ಲಿ ಸಾಲೆಯ ಬಾಗಿಲತನಕ ಅವನನ್ನು ಬೆನ್ನಟ್ಟಿದಳು. ನನಗೆ ಉಗುರು ಕಡಿಯುವ ಚಟವಿತ್ತು. ಅದನ್ನು ಜೋಳಿಗೆಗೆ ಹಾಕುವುದು ಹೇಗೆಂದು ಕೇಳಿದ್ದಕ್ಕೆ ಹೆಡ್‌ಮಾಸ್ತರರು ಗಂಭೀರವಾಗಿ ಯೋಚಿಸಿ, ಕಡಿದ ಉಗುರುಗಳನ್ನೇ ಪೊಟ್ಟಣ ಕಟ್ಟಿ ತರಲು ಅಪ್ಪಣೆ ಕೊಟ್ಟರು.

ಅಜ್ಜಾರು ಬರುವ ಸೋಮವಾರ ಬೆಳಿಗ್ಗೆ ಈರಣ್ಣ ನನ್ನನ್ನು ಕಾಲುವೆಯ ಸಣ್ಣ ಸೇತುವೆಯ ಹತ್ತಿರ ಕರೆದೊಯ್ದ. ಅಂಗಿಯೊಳಗಿನಿಂದ ಎರಡು ಪಾಕೀಟು ತೆಗೆದ. ಅಪ್ಪ ಜೋಳದ ಕಣಿಕೆಯ ಬಣವಿಯಲ್ಲಿ ಬಚ್ಚಿಟ್ಟದ್ದು.

“ಇದನ್ನ ಜೋಳಿಗ್ಯಾಗ ಹಾಕತೇನಿ,” ಎಂದ.

“ಚಲೋ ಆತು. ನಿಮ್ಮವ್ವಗ ಖುಷಿ ಆಗತೈತಿ.”

“ಚಲೋ ಹೆಂಗ ಆಗತೈತಲೇ? ‘ಇದು ನಂದು’ ಅನಬೇಕಲ್ಲ? ಇದು ನಂದಲ್ಲ, ಅಪ್ಪಂದು. ಅಜ್ಜಾರ ಮುಂದ ಸುಳ್ಳ ಹೇಳಲೇನು?”

“ಮತ್ತೇನ ಮಾಡತಿ?”

“ಒಂದ ಕುಡದ್ರ ನಂದ ಆಗತೈತಿ. ಇನ್ನೊಂದ ಹಾಕಿ ‘ಬಿಟ್ಟೆ’ ಅಂದ್ರ ಖರೇನ ಬಿಟ್ಟಂಗ.”

ಇದರಲ್ಲಿ ತಪ್ಪೆಲ್ಲಿದೆ ಎಂದು ಹುಡುಕುವಷ್ಟು ತರ್ಕ ನನಗೆ ಬರುತ್ತಿರಲಿಲ್ಲ. ನಾನು ವರ್ಗಕ್ಕೆ ಹನ್ನೊಂದನೆಯವನು. “ಬ್ಯಾಡೋ ಈರ್ಯಾ” ಎಂದೆ, ಅಷ್ಟೆ. ಅವನು ಪಾಕೀಟಿನ ಮೂಲೆಯನ್ನು ಹಲ್ಲಿನಿಂದ ಕಿತ್ತು, ಮೂಗು ಹಿಡಿದು, ಔಡಲೆಣ್ಣೆ ಕುಡಿಯುವವನಂತೆ ಕುಡಿದ. ಕೆಮ್ಮಿದ. ಕಣ್ಣಲ್ಲಿ ನೀರು ಬಂತು. ಕಾಲುವೆಯ ನೀರಿನಿಂದ ಬಾಯಿ ತೊಳೆದು, ಹೆಸರುಕಾಯಿ ಅಗಿದು ಉಗುಳಿದ. ಕೆಟ್ಟ ಔಷಧ ಮುಗಿಯಿತೆಂದು ನಾನು ಏಳುವಷ್ಟರಲ್ಲಿ ಅವನು ಎದೆಯ ಮೇಲೆ ಅಂಗೈ ಇಟ್ಟುಕೊಂಡು “ಬೆಚ್ಚಗಾತಲೇ” ಎಂದು ನಕ್ಕ. ಆ ನಗೆ ಈರಣ್ಣನದಾಗಿರಲಿಲ್ಲ. ಗುರಪ್ಪ ಕಾಕಾನದಾಗಿತ್ತು.

ಸಾಲೆಯ ಬಯಲಿನಲ್ಲಿ ಊರೇ ನೆರೆದಿತ್ತು. ನೀಲವ್ವ ಗಂಡನನ್ನು ಹೇಗೋ ಕರೆತಂದು ಹಿಂದಿನ ಗೋಡೆಗೆ ಆನಿಸಿ ನಿಲ್ಲಿಸಿದ್ದಳು. ಈರಣ್ಣ ವೇದಿಕೆಯೇರಿ, ಬಾಯಿಪಾಠದ ಭಾಷಣವನ್ನು ಬಿಟ್ಟು ತನ್ನ ಮನೆಯ ಮಾತು ಶುರುಮಾಡಿದ. ಅಪ್ಪ ಎಮ್ಮೆಗೆ ಕೈಮುಗಿಯುವುದನ್ನು ಹೇಳಿದ. ಅವ್ವನ ತಣ್ಣಗಾದ ರೊಟ್ಟಿಯನ್ನು ಹೇಳಿದ. ಒಂದು ಶಬ್ದಕ್ಕೂ ತಡವರಿಸಲಿಲ್ಲ. ಹೆಂಗಸರು ಸೆರಗು ಬಾಯಿಗಿಟ್ಟುಕೊಂಡರು; ಬೀಡಿಯ ಮುದುಕರೂ ಅತ್ತರು. ಆಗ ಗುರಪ್ಪ ಕಾಕಾ ಗೋಡೆ ಬಿಟ್ಟು, ಜನರನ್ನು ಸರಿಸಿಕೊಂಡು ಮುಂದೆ ಬಂದ. ಧೋತರದ ಮಡಿಕೆಯಿಂದ ಪಾಕೀಟು ತೆಗೆದು ಜೋಳಿಗೆಗೆ ಹಾಕಿದ.

“ಇದು ನಂದ್ರಿ ಅಜ್ಜಾರ. ಇವತ್ತಿಗೆ ಬಿಟ್ಟೆ.”

ಅವನ ಹಿಂದೆಯೇ ಈರಣ್ಣನೂ ತನ್ನದನ್ನು ಹಾಕಿ ಅದೇ ಮಾತು ಹೇಳಿದ. ಅಪ್ಪನ ಪರವಾಗಿ ಹೇಳಿದನೆಂದು ಜನ ತಿಳಿದರು. ಹೆಡ್‌ಮಾಸ್ತರರು ಓಡಿಬಂದು ಅವನನ್ನು ಅಪ್ಪಿಕೊಂಡರು. ನಾನು ಉಗುರಿನ ಪೊಟ್ಟಣ ಹಿಡಿದು ಸಾಲಿನಲ್ಲಿ ಅಲ್ಲೇ ನಿಂತಿದ್ದೆ. ಮಾಸ್ತರರ ಮೂಗಿನ ಹೊಳ್ಳೆ ಅರಳಿದ್ದನ್ನು ನೋಡಿದೆ. ಅಪ್ಪಿದ ಕೈಗಳು ಸಡಿಲಾದವು. ಅವರು ಒಮ್ಮೆ ಅಜ್ಜಾರ ಕಡೆ ನೋಡಿದರು, ಒಮ್ಮೆ ಅಳುತ್ತಿದ್ದ ಜನರ ಕಡೆ ನೋಡಿದರು. ಆಮೇಲೆ ಈರಣ್ಣನ ಕೈಯನ್ನು ಮೇಲಕ್ಕೆತ್ತಿ ಕೂಗಿದರು: “ಇಂಥಾ ಹುಡುಗರು ಬೇಕ್ರಿ ಈ ನಾಡಿಗೆ!”

ಮನೆಗೆ ಬಂದು ನಾನು ನಮ್ಮವ್ವನಿಗೆ ಎಲ್ಲ ಹೇಳಿದೆ. ಸವಟಿನಿಂದ ಒಂದು ಬಿತ್ತು. “ಶ್ಯಾಣ್ಯಾ ಹುಡುಗನ ಮ್ಯಾಲ ಹೊಟ್ಟಿಕಿಚ್ಚೇನೋ ನಿನಗ? ಬಾಯಿ ಮುಚಗೊಂಡ ಉಣ್ಣು!”

ಆ ಭಾಷಣದ ಸುದ್ದಿ ಅಜ್ಜಾರ ಜೀಪಿಗಿಂತ ಮುಂದೆ ಓಡಿತು. ಅತ್ತ ಸಂಗೊಳ್ಳಿ, ಇತ್ತ ರಾಮದುರ್ಗದ ಸಾಲಹಳ್ಳಿಯತನಕ ಎಲ್ಲೆಲ್ಲಿ ಜೋಳಿಗೆ ಹೋಯಿತೋ ಅಲ್ಲೆಲ್ಲ ಈರಣ್ಣನನ್ನು ಕರೆದರು. ಹೆಡ್‌ಮಾಸ್ತರರೇ ಸ್ವತಃ ಕರೆದೊಯ್ಯುತ್ತಿದ್ದರು. ಚಪ್ಪಾಳೆ ತಟ್ಟುವಾಗ ಮಾತ್ರ ಅವನಿಂದ ಒಂದು ಮಾರು ದೂರ ನಿಲ್ಲುತ್ತಿದ್ದರು.

“ಬಿಟ್ಟೆ ಅಂದಿದ್ದಿಯಲ್ಲೋ?” ಎಂದು ಒಮ್ಮೆ, ಸಭೆಗೆ ಮೊದಲು ಅವನು ಪಾಕೀಟು ಬಿಚ್ಚುವಾಗ ಕೇಳಿದೆ.

“ಅದ ಇಲ್ಲಂದ್ರ ಮಾತ ಬರೂದಿಲ್ಲಲೇ, ನಾಲಿಗಿ ಒಣಗತೈತಿ. ಮತ್ತ ಊರೂರಾಗ ಬಿಡಾಕತ್ತೇನಲ್ಲ!” ಎಂದು ಗಹಗಹಿಸಿದ.

ಭಾಷಣವಿಲ್ಲದ ಸಂಜೆಗಳಲ್ಲೂ ಸೇತುವೆಯ ಹತ್ತಿರ ಕಾಣತೊಡಗಿದ. ದೊಡ್ಡ ಹುಡುಗರು ಇಬ್ಬರು ಅವನ ಜೊತೆಗಾರರಾದರು. ಬೀದಿದೀಪದ ಬಲ್ಬಿಗೆ ಗುರಿಯಿಡುವುದು, ಹೊಲದ ನೀರಿನ ಪೈಪು ಕೊಯ್ಯುವುದು, ಹೆಣ್ಣುಮಕ್ಕಳು ನೀರಿಗೆ ಬಂದರೆ ಸೀಟಿ ಹೊಡೆಯುವುದು. ಸಾಲೆಯ ಕಿಟಕಿಯ ಗಾಜು ಒಡೆದಾಗ ಎಂಟನೆಯ ವರ್ಗದವರಿಗೆ ಛಡಿ ಏಟು ಬಿದ್ದವು. ವರ್ಗಕ್ಕೆ ಮೊದಲನೆಯವನು ಕಲ್ಲೊಗೆಯುತ್ತಾನೆಂದು ಯೋಚಿಸುವುದೇ ಅಪಚಾರವಾಗಿತ್ತು.

ಗುರಪ್ಪ ಕಾಕಾ ಮಾತ್ರ ಮಾತಿಗೆ ತಪ್ಪಲಿಲ್ಲ. ಮೊದಲ ದಿನಗಳಲ್ಲಿ ಅವನು ರಾತ್ರಿಯೆಲ್ಲ ಅಂಗಳದಲ್ಲಿ ಅಡ್ಡಾಡುವುದನ್ನು ನಾನೇ ನೋಡಿದ್ದೇನೆ. ನೀಲವ್ವ ಬೆಲ್ಲದ ನೀರು ಕುಡಿಸುತ್ತಿದ್ದಳು. ಶ್ರಾವಣ ಮುಗಿಯುವ ಅಮಾವಾಸ್ಯೆಗೆ ಆಕೆ ಹೂರಣದ ಹೋಳಿಗೆ ಮಾಡಿ ನನ್ನನ್ನೂ ಊಟಕ್ಕೆ ಕರೆದಳು. ಕಾಕಾ ಹಣೆತುಂಬ ವಿಭೂತಿ ಹಚ್ಚಿ, ಒಗೆದ ಅಂಗಿ ತೊಟ್ಟು, ಹೊಸ ಅಳಿಯನ ಹಾಗೆ ಸಂಕೋಚದಿಂದ ಕುಳಿತಿದ್ದ. ಹೊತ್ತು ಮುಳುಗುವಾಗ ಈರಣ್ಣ ಬಂದು ನಮ್ಮಿಬ್ಬರ ನಡುವೆ ತಾಟಿನ ಮುಂದೆ ಕುಳಿತ.

ತುಪ್ಪ ಬಡಿಸಲು ಬಾಗಿದ ನೀಲವ್ವ ಹಾಗೆಯೇ ನಿಂತಳು.

“ಎಲ್ಲಿಂದ ಬರಾಕತ್ತೈತಿ ಈ ವಾಸನಿ?”

ಆಕೆಯ ಕಣ್ಣು ಅಭ್ಯಾಸಬಲದಿಂದ ಗಂಡನ ಮೇಲೆ ಹೋಯಿತು. “ಮತ್ತ ಮುಟ್ಟೀರೇನು? ಅಜ್ಜಾರ ಮುಂದ ಆಣಿ ಮಾಡಿ ಮತ್ತ ಮುಟ್ಟೀರಿ?”

ಗುರಪ್ಪ ಕಾಕಾ ಮಗನ ಕಡೆ ತಿರುಗಿದ. ಆ ವಾಸನೆಯ ಬಗ್ಗೆ ಅವನಿಗೆ ಯಾರೂ ಪಾಠ ಹೇಳಬೇಕಾಗಿರಲಿಲ್ಲ. ಈರಣ್ಣ ತಲೆ ಬಗ್ಗಿಸಿ ಹೋಳಿಗೆ ಮುರಿಯುತ್ತಿದ್ದ.

“ಹೌದು,” ಎಂದ ಕಾಕಾ. “ನಾನ. ತಪ್ಪಾತು.”

ನೀಲವ್ವನ ಕೈಯಿಂದ ತುಪ್ಪದ ಗಿಂಡಿ ಬಿತ್ತು. ಎಂದೋ ಅಳು ಬಿಟ್ಟವಳು ಅಂದು ಅತ್ತದ್ದು ಇಡೀ ಓಣಿಗೆ ಕೇಳಿಸಿತು. ಬೆಳಗಾಗುವಷ್ಟರಲ್ಲಿ ಗುರಪ್ಪ ಊರಿಗೆಲ್ಲ ‘ಆಣಿ ಮುರದಾಂವ’ ಆಗಿದ್ದ. ಅಂದು ರಾತ್ರಿ ಕೈತೊಳೆಯಲು ಹೊರಗೆ ಬಂದಾಗ ಅವನು ಮಗನ ಭುಜ ಹಿಡಿದು ಸಣ್ಣ ದನಿಯಲ್ಲಿ ಹೇಳಿದ್ದು ನನಗೆ ಕೇಳಿಸಿತ್ತು: “ಇದೊಂದ ಸಲಾ, ಹಾಂ? ನಾಳಿಂದ ಬಿಡು. ನಿನ್ನ ಹೆಸರ ದೊಡ್ಡದೈತಿ.”

“ಹೂನಪಾ,” ಎಂದ ಈರಣ್ಣ. ಪಾಠಗಳನ್ನು ಬೇಗ ಗ್ರಹಿಸುವ ಹುಡುಗ. ತನ್ನ ತಪ್ಪನ್ನು ಹೊರಲು ಬೇರೆಯವರಿದ್ದಾರೆ ಎಂಬ ಈ ಪಾಠವನ್ನೂ ಒಂದೇ ಸಲಕ್ಕೆ ಗ್ರಹಿಸಿದ.

ಮುಂದಿನದನ್ನು ಉದ್ದ ಮಾಡುವುದಿಲ್ಲ. ಬೈಲಹೊಂಗಲದ ಕಾಲೇಜಿನಲ್ಲಿ ಮೊದಲ ವರ್ಷವೇ ಕುಡಿದು ಬಸ್ಸಿಗೆ ಕಲ್ಲೊಗೆದ; ಕಂಡಕ್ಟರನ ತಲೆ ಒಡೆಯಿತು. ಕೇಸಾಯಿತು, ಕಾಲೇಜು ನಿಂತಿತು, ಹಿಡಿದ ಕೆಲಸಗಳೂ ಒಂದೊಂದಾಗಿ ಬಿಟ್ಟುಹೋದವು. ಮೂವತ್ತು ತುಂಬುವ ಮೊದಲೇ ರಕ್ತ ಕಾರಿ ಸತ್ತ. ಮಣ್ಣು ಕೊಡುವಾಗ ಕುಣಿಯ ಸುತ್ತ ನಿಂತವರು ಪಿಸುಗುಡುತ್ತಿದ್ದರು: “ಅಪ್ಪನ್ನ ನೋಡೇ ಮಗಾ ಕಲತಾ.” ಆ ಹೊತ್ತಿಗೆ ಗುರಪ್ಪ ಕಾಕಾ ಒಂದು ಹನಿ ಮುಟ್ಟದೆ ಎಷ್ಟೋ ವರ್ಷಗಳಾಗಿದ್ದವು. ನಾನು ಬಾಯಿ ತೆರೆದೆ. ಅವನು ನನ್ನ ರಟ್ಟೆ ಒತ್ತಿ ಹಿಡಿದ.

“ಸುಮ್ಮನಿರೋ. ಸತ್ತಾಂವನ ಹೆಸರಾದ್ರೂ ಉಳೀಲಿ.”

ಈಗ ಆ ಪಾಕೀಟುಗಳಿಲ್ಲ, ಕಾಗದದ ಸಣ್ಣ ಡಬ್ಬಿಗಳಿವೆ. ಕಾಲುವೆಯ ದಂಡೆಯ ಮೇಲೆ ಮೀಸೆ ಚಿಗುರದ ಹುಡುಗರು ಗಾಡಿ ನಿಲ್ಲಿಸಿ, ತಲವಾರಿನಿಂದ ಕೇಕು ಕತ್ತರಿಸಿ ಹುಟ್ಟುಹಬ್ಬ ಮಾಡುತ್ತಾರೆ. ನಮ್ಮ ಕಾಲದಲ್ಲಿ ಹುಡುಗನೊಬ್ಬ ಕೆಡಲು ಒಂದು ಸಾಲೆ, ಒಂದು ಸಭೆ, ಒಂದು ಧರ್ಮಸೂಕ್ಷ್ಮ ಬೇಕಾಗಿತ್ತು. ಇಂದು ಅಷ್ಟೆಲ್ಲ ಖಟಪಟಿ ಇಲ್ಲ. ಆಗಿನ ಶ್ರಾವಣ ಚೆನ್ನಾಗಿತ್ತು ಎಂದು ನನ್ನ ವಯಸ್ಸಿನವರು ನಿಟ್ಟುಸಿರಿಡುವಾಗ ನಾನು ಹೂಂ ಎನ್ನುತ್ತೇನೆ. ಲೆಕ್ಕ ಹಾಕಿದರೆ ನಾನು ಒಬ್ಬ ಗೆಳೆಯನನ್ನು ಕಳೆದುಕೊಂಡೆ, ನೀಲವ್ವ ಮಗನನ್ನು ಕಳೆದುಕೊಂಡಳು. ಊರು ಕಳೆದುಕೊಂಡದ್ದು ಬೇರೆ: ಒಬ್ಬ ಮನುಷ್ಯನ ಮಾತಿನ ಬೆಲೆ.

ಯಾಕೆಂದರೆ ಗುರಪ್ಪ ಕಾಕಾ ಈಗ ಸಂಜೆ ಕೋಲೂರಿಕೊಂಡು ಕಾಲುವೆಯತನಕ ಹೋಗುತ್ತಾನೆ. ಹುಡುಗರ ಹತ್ತಿರ ನಿಂತು ಗಾಳಿಯಲ್ಲಿ ವಾಸನೆ ಹಿಡಿಯುತ್ತಾನೆ. ಆಮೇಲೆ ಅವರವರ ಮನೆಯ ಬಾಗಿಲಿಗೆ ಹೋಗಿ ಹೇಳುತ್ತಾನೆ. ಯಾರೂ ನಂಬುವುದಿಲ್ಲ. “ಆಣಿ ಮುರದಾಂವ, ನಮ್ಮ ಮಕ್ಕಳ ಮ್ಯಾಲ ಹೇಳಾಕ ಬಂದಾನ ನೋಡ್ರಿ” ಎಂದು ಬಾಗಿಲು ಹಾಕಿಕೊಳ್ಳುತ್ತಾರೆ.

ಮೊನ್ನೆ ಸಂಜೆ ನಮ್ಮ ಮನೆಗೆ ಬಂದ. ನನ್ನ ಹೆಂಡತಿ ಚಹಾ ಮಾಡಲು ಏಳಲಿಲ್ಲ.

“ನಿನ್ನ ಮಗನ ಬಾಯಿ ಒಮ್ಮಿ ನೋಡಪಾ,” ಎಂದ.

“ಕಾಕಾ, ಅಂವ ಇನ್ನೂ ಒಂಬತ್ತನೇ ಇಯತ್ತೆ.”

“ಗೊತ್ತೈತಿ. ಅದಕ್ಕ ಬಂದೇನಿ.” ಚಪ್ಪಲಿ ಮೆಟ್ಟುತ್ತ ತಡೆದು ನಿಂತ. “ನಾ ಸುಳ್ಳ ಹೇಳಿ ಉಳಸಾಕ ಹೋದೆ. ನೀ ಹಂಗ ಮಾಡಬ್ಯಾಡ.”

ಅವನು ಅಂಗಳ ದಾಟುವತನಕ ಕಾದು, ನಾನು ಮಗನ ಹೆಸರು ಹಿಡಿದು ಕೂಗಿದೆ. ಇನ್ನೊಮ್ಮೆ ಕೂಗಿದೆ. ಬಚ್ಚಲುಮನೆಯ ಬಾಗಿಲು ಒಳಗಿನಿಂದ ಹಾಕಿಕೊಂಡಿತು. ನಳ ಬಿಟ್ಟ ಸದ್ದು, ಆಮೇಲೆ ಬಹಳ ಹೊತ್ತು ಬಾಯಿ ಮುಕ್ಕಳಿಸುವ ಸದ್ದು.